ಹೆಸರು ಬರುವ ಜಾಗ

ಹೋದ ತಿಂಗಳು ನಮಗೊಂದು ಆನ್‌ಲೈನ್ ತರಬೇತಿ ಇತ್ತು. ನಾನು ಮಹಾರಾಷ್ಟ್ರದ ಗಡಿ ಭಾಗದ ಕನ್ನಡ ಶಾಲೆಯೊಂದರಲ್ಲಿ ಕಲಿಸುವವಳು. ತರಬೇತಿ ಕೊಡುವ ಸಾಹೇಬರು ಮೊದಲ ಮಾತಿಗೇ ಮರಾಠಿಯಲ್ಲಿ, ಎಲ್ಲರೂ ಸೆಟ್ಟಿಂಗಿಗೆ ಹೋಗಿ ಸುತ್ತಲಿನ ಗದ್ದಲ ತೆಗೆಯುವ ಗುಂಡಿ ಒತ್ತಿರಿ, ನಿಮ್ಮ ಮನೆಯ ಕುಕ್ಕರಿನ ಸಿಳ್ಳೆ ನನಗೆ ಬೇಕಾಗಿಲ್ಲ ಎಂದರು. ಎಲ್ಲರೂ ಒತ್ತಿದರು. ನಾನು ಒತ್ತಲಿಲ್ಲ. ಹೊರಗೆ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಟ್ರ್ಯಾಕ್ಟರು ಗುರುಗುಡುತ್ತಿತ್ತು. ಸಾಹೇಬರು ಎರಡು ಸಲ ನನ್ನ ಹೆಸರು ಹಿಡಿದು ಹೇಳಿದರು, ಮೂರನೇ ಸಲ ನನ್ನ ಮೈಕನ್ನೇ ಬಂದ್ ಮಾಡಿದರು. ಆಮೇಲೆ ಜತೆಯ ಶಿಕ್ಷಕಿಯೊಬ್ಬರು ಫೋನ್ ಮಾಡಿ, ಇಷ್ಟು ವರ್ಷ ಮೊಬೈಲ್ ಹಿಡಿದಿದ್ದೀರಿ, ಒಂದು ಗುಂಡಿ ಒತ್ತಲು ಬರುವುದಿಲ್ಲವೇ ಎಂದು ನಕ್ಕರು. ಬರುತ್ತದೆ. ಆ ಗುಂಡಿಯನ್ನು ನನ್ನಷ್ಟು ಚೆನ್ನಾಗಿ ಒತ್ತಿದವರು ಜತ್ತ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ.

ಅದು ನಾನು ಡಿ.ಎಡ್ ಮುಗಿಸಿ, ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದ ವರ್ಷ. ನಮ್ಮ ವಸ್ತಿ, ಒಂದಿಷ್ಟು ಮನೆಗಳ ಗುಂಪು, ಅಸಂಗಿ ಊರಿನಿಂದ ಇನ್ನೂ ಒಳಗಿದೆ. ಬಸ್ಸು ಇಳಿದ ಮೇಲೆ ಕಾಲೇ ಗತಿ. ಗುಡ್ಡದ ಈಚೆ ನಿಂತರೆ ಮೊಬೈಲಿಗೆ ಮಹಾರಾಷ್ಟ್ರದ ಟವರ್, ಆಚೆ ನಿಂತರೆ ಕರ್ನಾಟಕದ್ದು, ನಡುವೆ ನಮ್ಮ ಮನೆಯಲ್ಲಿ ನಿಂತರೆ ಎರಡೂ ಇಲ್ಲ. ನಾವು ಕುರಿ ಕಾಯುವವರು, ಬೀರಪ್ಪ ದೇವರ ಒಕ್ಕಲು. ನಮ್ಮ ಮನೆತನಕ್ಕೆ ಒಂದು ಹಾಡಿನ ಸೇವೆ ಬಂದಿದೆ. ದೀಪಾವಳಿ ಪಾಡ್ಯದ ಮುಂಜಾನೆ ವಸ್ತಿಯ ಗುಡಿಯ ಮುಂದೆ, ದೇವರು ಕುರಿಹಿಂಡಿನ ಜತೆ ನಮ್ಮ ಗುಡ್ಡಕ್ಕೆ ಬಂದ ಕಥೆಯನ್ನು ಹಾಡಬೇಕು. ಯಾವ ಹಳ್ಳ ದಾಟಿದರು, ಎಲ್ಲಿ ನೀರು ಸಿಗಲಿಲ್ಲ, ಎಲ್ಲಿ ಕುರಿ ಈದವು, ದೇವರ ಹಿಂದೆ ಯಾರು ಯಾರು ನಡೆದರು. ಹಾಗೆ ನಡೆದವರ ಹೆಸರುಗಳೇ ಹಾಡಿನ ಜೀವ. ಒಂದೊಂದು ಹೆಸರು ಬಂದಾಗಲೂ ಡೊಳ್ಳಿಗೆ ಒಂದು ಪೆಟ್ಟು ಬೀಳಬೇಕು. ಡೊಳ್ಳಿಲ್ಲದೆ ಹಿರಿಯರ ಹೆಸರು ಬಾಯಿಗೆ ತರಬಾರದು, ಸುಮ್ಮಸುಮ್ಮನೆ ಡೊಳ್ಳು ಹೊಡೆಯಬಾರದು, ಪಾಡ್ಯ ಬಿಟ್ಟು ಬೇರೆ ದಿನ ಆ ಹಾಡು ಯಾರ ಕಿವಿಗೂ ಬೀಳಬಾರದು. ಕಲಿಸುವುದಿದ್ದರೆ ನವರಾತ್ರಿಯ ಒಂಬತ್ತು ದಿನಗಳಲ್ಲಿ ಕಲಿಸಬಹುದು. ಕಲಿಯುವವನು ಎದುರಿಗೆ ಕಣ್ಣು ಮುಚ್ಚಿ, ಕೈ ಮುಗಿದು ಕೂತಿರಬೇಕು. ನಡುವೆ ಬಾಯಿ ಹಾಕುವಂತಿಲ್ಲ, ಇನ್ನೊಮ್ಮೆ ಹೇಳು ಎನ್ನುವಂತಿಲ್ಲ.

ಹಾಡುತ್ತಿದ್ದವನು ಮುತ್ಯಾ, ನನ್ನ ಅಪ್ಪನ ಅಪ್ಪ. ಯಂತ್ರ ಎಂದರೆ ಮೂಗು ಮುರಿಯುವವನು. ಅಪ್ಪ ಹರೆಯದಲ್ಲಿದ್ದಾಗ ವಿಜಯಪುರದಿಂದ ಒಂದು ಟೇಪ್ ರೆಕಾರ್ಡರ್ ತಂದಿದ್ದನಂತೆ. ಹಾಡನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು, ಕುರಿ ಹಿಂದೆ ಹೋದಾಗ ಕೇಳಿ ಕೇಳಿ ಕಲಿಯುತ್ತೇನೆ ಎಂದನಂತೆ. ಮುತ್ಯಾ ಅದನ್ನು ಅಂಗಳದ ಕಲ್ಲಿಗೆ ಅಪ್ಪಳಿಸಿದ. ಕಂಡ ಕಂಡಲ್ಲಿ ದೇವರ ಹಾಡು ಒದರುವ ಪೆಟ್ಟಿಗೆ ನಮ್ಮ ಮನೆಗೆ ಬೇಡ ಎಂದ. ಅಪ್ಪನೂ ಅವನ ಮಗನೇ ಅಲ್ಲವೇ, ಹಾಗಾದರೆ ನನಗೆ ಹಾಡೂ ಬೇಡ ಎಂದು ಡೊಳ್ಳಷ್ಟೇ ಹಿಡಿದ. ಮುಂದೆ ಎಲ್ಲರ ಕೈಗೂ ಮೊಬೈಲ್ ಬಂತು. ಪಾಡ್ಯದ ದಿನ ಗುಡಿಯ ಮೆಟ್ಟಿಲ ಮೇಲೆ ಮುತ್ಯಾ ಒಂದು ಬುಟ್ಟಿ ಇಡಿಸಿ, ಬಂದವರ ಮೊಬೈಲುಗಳನ್ನೆಲ್ಲ ಅದರಲ್ಲಿ ಹಾಕಿಸಿ, ಮೇಲೆ ಕಂಬಳಿ ಮುಚ್ಚಿಸುತ್ತಿದ್ದ. ಬುಟ್ಟಿ ಕಾಯುವವಳು ನಾನು. ಭಾರಿ ಹೆಮ್ಮೆಯಿಂದ ಕಾಯುತ್ತಿದ್ದೆ. ಆ ಬುಟ್ಟಿಯಿಂದ ಒಂದೇ ಒಂದು ಮೊಬೈಲ್ ತಪ್ಪಿಸಿಕೊಂಡು ಒಳಗೆ ಹೋಗಿದ್ದರೆ ಇವತ್ತು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಮುತ್ಯಾನ ದನಿ ಒಡೆಯತೊಡಗಿತು. ಬೀಡಿಯ ಪ್ರತಾಪ ಎಂದು ನಾವು ಬೈದೆವು. ಕಷಾಯ ಆಯಿತು, ಅರಿಸಿನ ಹಾಲು ಆಯಿತು, ಕೊನೆಗೆ ಮಿರಜಕ್ಕೆ ಕರೆದುಕೊಂಡು ಹೋದೆವು. ಗಂಟಲಲ್ಲಿ ಗಡ್ಡೆ, ದನಿಪೆಟ್ಟಿಗೆಯನ್ನೇ ತೆಗೆಯಬೇಕು, ದಸರಾ ಆದ ಮೂರನೇ ದಿನ ಬನ್ನಿ, ಅದಕ್ಕಿಂತ ತಡವಾದರೆ ಜೀವಕ್ಕೆ ನಾನು ಹೊಣೆಯಲ್ಲ ಎಂದರು ಡಾಕ್ಟರು. ಅವರ ಮರಾಠಿ ಮುತ್ಯಾನಿಗೆ ಪೂರ್ತಿ ತಿಳಿದಿತ್ತು. ಆದರೂ ನನ್ನ ಕಡೆ ತಿರುಗಿ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸಿಕೊಂಡ. ಆಪರೇಷನ್ ಆದ ಮೇಲೆ ಮಾತು ಬರುವುದಿಲ್ಲ ಮುತ್ಯಾ ಎಂದೆ.

"ಮಾತು ಹೋದ್ರ ಹೋಗ್ಲಿ ಬಿಡು. ಹಾಡ ಎಲ್ಲಿ ಇಡ್ಲಿ ನಾ?" ಎಂದ.

ವಾಪಸ್ ಬರುವಾಗ ಮುತ್ಯಾ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತ. ಮುಚ್ಚಂಡಿ ದಾಟುವಾಗ ಹಸ್ತದ ಮಳೆ ಹಿಡಿಯಿತು. ಜೋಳ ಬಿತ್ತುವ ಹದ ಬಂತು ಎಂದು ಬಸ್ಸಿನ ಜನವೆಲ್ಲ ಖುಷಿಯಾಗಿ ಮಾತಾಡುತ್ತಿದ್ದರು. ಮುತ್ಯಾನ ತುಟಿ ಮಾತ್ರ ಸಣ್ಣಗೆ ಆಡುತ್ತಿದ್ದವು. ದಾರಿಯುದ್ದಕ್ಕೂ ಅವನು ಒಳಗೊಳಗೇ ಹೆಸರು ಎಣಿಸುತ್ತಿದ್ದ ಎಂದು ನನಗೆ ಅನಿಸುತ್ತದೆ.

ಹಾಡು ಹಿಡಿಯಬೇಕಾದವನು ನನ್ನ ತಮ್ಮ ಸಿದ್ದು. ಅವನು ತಮಿಳುನಾಡಿನ ಒಂದು ಊರಿನಲ್ಲಿ ಚಿನ್ನ ಬೆಳ್ಳಿ ಕರಗಿಸುವ ಅಂಗಡಿಯಲ್ಲಿದ್ದ. ನಮ್ಮ ಕಡೆಯ ಎಷ್ಟೋ ಹುಡುಗರು ಹಿಡಿಯುವ ದಾರಿ ಅದು. ಹಬ್ಬದ ಮುಂದೆ ಭಟ್ಟಿ ಆರಿಸುವ ಹಾಗಿಲ್ಲ, ಪಾಡ್ಯಕ್ಕೆ ಒಂದು ದಿನ ಮೊದಲು ಬಿಡುತ್ತೇನೆ, ಅದಕ್ಕೂ ಮುಂಚೆ ಕೇಳಬೇಡ ಎಂದು ಅವನ ಮಾಲೀಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಪಾಡ್ಯದ ಹೊತ್ತಿಗೆ ಮುತ್ಯಾನ ದನಿಯೇ ಇರುವುದಿಲ್ಲ. ಉಪಾಯ ಹೇಳಿದವಳು ನಾನು. ನವರಾತ್ರಿಯ ಒಂಬತ್ತು ದಿನವೂ ವಿಡಿಯೊ ಕಾಲ್ ಮಾಡೋಣ, ಸಿದ್ದು ಅಲ್ಲಿ ಕೈ ಮುಗಿದು ಕೂರಲಿ, ಮುತ್ಯಾ ಇಲ್ಲಿ ಹಾಡಲಿ, ಆ ಕಾಲನ್ನೇ ನಾನು ರೆಕಾರ್ಡ್ ಮಾಡಿಡುತ್ತೇನೆ ಎಂದೆ. ಮುತ್ಯಾ ಎರಡು ದಿನ ಊಟ ಬಿಟ್ಟ. ಮೂರನೇ ದಿನ ನನ್ನನ್ನು ಕರೆದು, ಹುಡುಗನ ಮುಖ ಕಾಣುತ್ತದೆಯೇ, ಅವನು ನನ್ನನ್ನು ಕಾಣುತ್ತಾನೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ನನ್ನ ಕೈಯನ್ನು ಭಂಡಾರದ, ಅಂದರೆ ದೇವರ ಅರಿಸಿನಪುಡಿಯ, ತಟ್ಟೆಯಲ್ಲಿ ಇಡಿಸಿ ಆಣೆ ಹಾಕಿಸಿದ.

"ತುಂಬಿಡು. ಆದ್ರ ಪಾಡ್ಯಾದ ತನಕ ಅದರ ಬಾಯಿ ತಗೀಬ್ಯಾಡ. ನೀನೂ ಕೇಳಬ್ಯಾಡ, ಅವನೂ ಕೇಳಬಾರದು."

ಟವರ್ ಸಿಗುವುದು ಗುಡ್ಡದ ತುದಿಯ ತಗಡಿನ ಶೆಡ್ಡಿನಲ್ಲಿ, ಕುರಿ ಕೂಡುವ ಜಾಗದ ಪಕ್ಕ. ನವರಾತ್ರಿಯ ಮೊದಲ ದಿನ, ಘಟ ಕೂಡಿಸಿದ ಮೇಲೆ ಅಲ್ಲಿ ಕಂಬಳಿ ಹಾಸಿ ಕೂತೆವು. ಮುತ್ಯಾ, ಡೊಳ್ಳು ಹಿಡಿದು ಅಪ್ಪ, ಮೊಬೈಲ್ ಹಿಡಿದು ನಾನು. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು, ನೆನೆದ ಕುರಿಗಳು ಒಂದೇ ಸಮನೆ ಅರಚುತ್ತಿದ್ದವು. ಅಕ್ಕಾ, ಬರೀ ತಗಡಿನ ಸಪ್ಪಳ ಬರುತ್ತಿದೆ, ಮುತ್ಯಾನ ದನಿಯೇ ಸಿಗುತ್ತಿಲ್ಲ ಎಂದು ಸಿದ್ದು ಅಲ್ಲಿಂದ ಕೂಗಿದ. ನಾನು ಹುಡುಕಿ ಹುಡುಕಿ ಆ ಗುಂಡಿ ಕಂಡುಹಿಡಿದೆ. ಒತ್ತಿದೆ. ಮುತ್ಯಾನಿಗೆ ಏನಾದರೂ ಮಾತಾಡು ಎಂದೆ. ಉಂಡೆಯೇನಪ್ಪಾ ಎಂದು ಮುತ್ಯಾ ಕೇಳಿದ. ಮಳೆಯೂ ಇಲ್ಲ, ಕುರಿಯೂ ಇಲ್ಲ, ಮುತ್ಯಾ ನನ್ನ ಪಕ್ಕದಲ್ಲೇ ಕೂತಂತೆ ಕೇಳುತ್ತಿದೆ ಎಂದು ಸಿದ್ದು ಕುಣಿದಾಡಿದ. ಮುತ್ಯಾ ನನ್ನ ಬೆರಳನ್ನೇ ನೋಡುತ್ತಿದ್ದ. ಏನು ಮಾಡಿದೆ ಎಂದು ಕೇಳಿದ. ಹೊರಗಿನ ಗದ್ದಲವನ್ನೆಲ್ಲ ತೆಗೆದು ನಿನ್ನ ದನಿಯನ್ನಷ್ಟೇ ಕಳಿಸುತ್ತದೆ ಎಂದೆ.

"ಬ್ಯಾಡಾದ್ದು ಯಾವ್ದು, ಬೇಕಾದ್ದು ಯಾವ್ದು ಅಂತ ಅದಕ್ಕ ಹೆಂಗ ತಿಳೀತೈತಿ?" ಎಂದ.

"ತಿಳೀತೈತಿ ಮುತ್ಯಾ. ಭಾಳ ಶಾಣ್ಯಾ ಐತಿ ಅದು," ಎಂದೆ ನಾನು.

ಡೊಳ್ಳನ್ನೂ ಒಂದು ಸಲ ಬಾರಿಸಿ ನೋಡೋಣ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಬಾರಿಸುತ್ತಿರಲಿಲ್ಲ. ಪರೀಕ್ಷೆಗೆಂದು ಡೊಳ್ಳು ಹೊಡೆಯುವವರು ನಮ್ಮಲ್ಲಿ ಇಲ್ಲ.

ಆ ಒಂಬತ್ತು ದಿನ ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಒಂದು ದಿನ ಕರೆಂಟೇ ಇಲ್ಲ, ಚಾರ್ಜಿಗೆಂದು ಕೆಸರಿನಲ್ಲಿ ಅಸಂಗಿಯವರೆಗೆ ಓಡಿ ಬಂದೆ. ಒಂದು ದಿನ ಟವರ್ ಕರ್ನಾಟಕದ ಕಡೆ ಹಾರಿತು, ಎಲ್ಲರೂ ಕಂಬಳಿ ಸಮೇತ ಆ ಮೂಲೆಗೆ ಸರಿದು ಕೂತೆವು. ಮುತ್ಯಾನ ಗಂಟಲು ದಿನದಿಂದ ದಿನಕ್ಕೆ ಕಟ್ಟುತ್ತಿತ್ತು. ನಾಲ್ಕು ಸಾಲು ಹಾಡುವುದು, ಬೂದಿ ಹಾಕಿದ ಡಬ್ಬಿಯಲ್ಲಿ ಉಗುಳುವುದು, ಮತ್ತೆ ಹಾಡುವುದು. ಐದನೇ ದಿನದಿಂದ ಆ ಬೂದಿ ಕೆಂಪಾಗಿರುತ್ತಿತ್ತು. ಸಾಕು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಅಪ್ಪ ಮುಖ ಅತ್ತ ಮಾಡಿ, ಮುತ್ಯಾನ ಕೈಸನ್ನೆಯನ್ನು ಓರೆಗಣ್ಣಿನಲ್ಲಿ ನೋಡುತ್ತ, ಹೆಸರಿಗೊಂದು ಪೆಟ್ಟು ಹಾಕುತ್ತಿದ್ದ. ಹಾಡು ಬೇಡ ಎಂದ ದಿನದಿಂದ ಅವನು ಹೆಸರುಗಳಿಗೆ ಕಿವಿಗೊಟ್ಟವನಲ್ಲ. ನನಗೆ ಮುತ್ಯಾ ಮೊದಲ ದಿನವೇ ಹೇಳಿದ್ದ.

"ಕಿವ್ಯಾಗ ಹಾಕ್ಕೊ, ಮನಸಿನ್ಯಾಗ ಹಾಕ್ಕೋಬ್ಯಾಡ. ನಾಳಿ ಮಂದಿ ಮನಿಗಿ ಹೋಗಾಕಿ ನೀ."

ಎಷ್ಟು ವಿಧೇಯ ಮೊಮ್ಮಗಳು ನೋಡಿ, ನಿಜಕ್ಕೂ ಮನಸ್ಸಿನಲ್ಲಿ ಹಾಕಿಕೊಳ್ಳಲಿಲ್ಲ. ಒಂಬತ್ತು ದಿನ, ಕೈಯಳತೆಯ ದೂರದಲ್ಲಿ ಕೂತು, ಇಡೀ ಹಾಡನ್ನು ಪೂರ್ತಿ ಕೇಳಿದವಳು ನಾನು. ನನಗೆ ಇವತ್ತು ನೆನಪಿರುವುದು ಬ್ಯಾಟರಿ ಎಷ್ಟು ಉಳಿದಿತ್ತು ಎನ್ನುವುದು ಮಾತ್ರ.

ಪ್ರತಿದಿನ ಸಂಜೆ ನಾನು ಗುಡ್ಡ ಹತ್ತಿ ನಿಂತಾಗ ಸಿದ್ದು ಫೋನ್ ಮಾಡುತ್ತಿದ್ದ. ನಡುನಡುವೆ ಕಟ್ ಆಗುತ್ತದೆ ಅಕ್ಕಾ ಎನ್ನುತ್ತಿದ್ದ. ಟವರ್ ಹಾಗೇ, ನಮ್ಮ ಗುಡ್ಡ ನಿನಗೆ ಗೊತ್ತಿಲ್ಲವೇ ಎನ್ನುತ್ತಿದ್ದೆ. ಕಲಿಯುವವನು ಪ್ರಶ್ನೆ ಕೇಳಬಾರದು ಎಂಬ ಕಟ್ಟಳೆಗೆ ಅವನು ಬಾಯಿ ಮುಚ್ಚಿಕೊಂಡಿದ್ದ. ಕಥೆ, ಧಾಟಿ ಎಲ್ಲ ಚಿಕ್ಕಂದಿನಿಂದ ಕೇಳಿದ್ದೇ, ಹೆಸರುಗಳಷ್ಟೇ ಸಿಗುತ್ತಿಲ್ಲ, ನಿನ್ನ ರೆಕಾರ್ಡಿನಲ್ಲಿ ಇರುತ್ತವಲ್ಲ ಎಂದ. ಇರುತ್ತವೆ ಎಂದೆ. ಅವನು ನನ್ನನ್ನು ನಂಬಿದ. ನಾನು ಮೊಬೈಲನ್ನು ನಂಬಿದೆ. ಭಂಡಾರ ಮುಟ್ಟಿದ ಕೈ, ಒಂದು ಸಲವೂ ಅದರ ಬಾಯಿ ತೆಗೆಯಲಿಲ್ಲ. ಕದ್ದು ಕೇಳುವ ಮನಸ್ಸು ಎಷ್ಟೋ ಸಲ ಆಗಿತ್ತು. ಹುಟ್ಟಿದಾಗಿನಿಂದ ಸಣ್ಣಪುಟ್ಟ ಸುಳ್ಳು ಎಷ್ಟು ಹೇಳಿದ್ದೆನೋ ಏನೋ, ಆ ಒಂದು ಆಣೆಯನ್ನು ಮಾತ್ರ ಸತ್ಯವಂತೆಯ ಹಾಗೆ ಪಾಲಿಸಿದೆ.

ಒಂಬತ್ತನೇ ದಿನ ಹಾಡು ಮುಗಿಸಿ ಮುತ್ಯಾ ಮೊಬೈಲಿನ ಮೇಲೆ ಒಂದು ಚಿಟಿಕೆ ಭಂಡಾರ ಹಾಕಿದ. ಒಪ್ಪಿಸಿದೆ ಎಂದ. ಆ ಮುಖದಲ್ಲಿದ್ದ ನಿರಾಳ ನಾನು ಮತ್ತೆ ಕಾಣಲಿಲ್ಲ. ಮಿರಜದಲ್ಲಿ ಸ್ಟ್ರೆಚರಿನ ಮೇಲೆ ಹೋಗುವಾಗಲೂ ಅಪ್ಪನಿಗೆ, ಹಿಂಗಾರಿ ಬಿತ್ತನೆ ಮುಗಿಸಿಬಿಡು, ನನ್ನ ಚಿಂತೆ ಬೇಡ ಎಂದ. ಅವನ ಬಾಯಿಂದ ನಾವು ಕೇಳಿದ ಕೊನೆಯ ಮಾತು ಅದೇ.

ಪಾಡ್ಯದ ದಿನ ಬುಟ್ಟಿ ಇರಲಿಲ್ಲ. ಗುಡಿಯ ಮೇಲಿನ ಧ್ವನಿವರ್ಧಕದ ಕರ್ಣಿಗೆ ನನ್ನ ಮೊಬೈಲನ್ನು ತಂತಿಯಿಂದ ಜೋಡಿಸಿದ್ದೆವು. ಮೊದಲು ಗುರುವಿನ ದನಿ ದೇವರ ಮುಂದೆ ಒಂದು ಸಲ ಆಗಲಿ, ಅದನ್ನು ಕೇಳಿಕೊಂಡು ಸಿದ್ದು ಹಿಂದೆಯೇ ಹಾಡಲಿ ಎಂದು ಹಿರಿಯರು ಬಹಳ ಗುದ್ದಾಡಿ ಒಪ್ಪಿದ್ದರು. ಮುತ್ಯಾ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕಂಬಕ್ಕೆ ಒರಗಿದ್ದ. ನಾನು ಗುಂಡಿ ಒತ್ತಿದೆ. ಕರ್ಣಿಯಲ್ಲಿ ಮುತ್ಯಾನ ದನಿ ಬಂತು. ಹೆಂಗಸರು ಸೆರಗು ಬಾಯಿಗೆ ಹಿಡಿದರು, ಹಿರಿಯರು ರುಮಾಲು ತೆಗೆದು ಕೈ ಮುಗಿದರು. ಅಷ್ಟು ಚಂದ, ಅಷ್ಟು ಸ್ವಚ್ಛ. ಒಂದು ಹನಿ ಮಳೆಯಿಲ್ಲ, ಒಂದು ಕುರಿಯ ಕೂಗಿಲ್ಲ. ದೇವರು ಹಳ್ಳ ದಾಟಿದ, ಹಿಂಡು ದಾಟಿತು, ಹಿಂಡಿನ ಹಿಂದೆ ಮೊದಲು ನಡೆದವನು ಯಾರು ಎಂದು ಕೇಳಿತು ಆ ದನಿ. ಆಮೇಲೆ ಏನೂ ಇಲ್ಲ. ಒಂದು ಉಸಿರಿನಷ್ಟು ಹೊತ್ತು ಕರ್ಣಿ ಸತ್ತಂತಾಯಿತು. ಮತ್ತೆ ದನಿ ಎದ್ದು, ಅವನ ಬೆನ್ನಿಗೆ ಬಂದವನು ಯಾರು ಎಂದಿತು. ಮತ್ತೆ ಇಲ್ಲ.

ತಂತಿ ಸಡಿಲವಾಗಿದೆ ಎಂದು ಯಾರೋ ಅಂದರು. ಕಿತ್ತು ಮತ್ತೆ ಸಿಕ್ಕಿಸಿದೆ. ಕರ್ಣಿ ಸರಿಯಿಲ್ಲ ಎಂದರು. ಕರ್ಣಿ ಬಿಟ್ಟು ಮೊಬೈಲಿನಲ್ಲೇ ಹಚ್ಚಿದೆ. ಮೂರನೇ ಹೆಸರು ಇಲ್ಲ, ನಾಲ್ಕನೆಯದಿಲ್ಲ. ಐದನೆಯ ಹೊತ್ತಿಗೆ ನನಗೆ ತಿಳಿಯಿತು. ಡೊಳ್ಳಿನ ಪೆಟ್ಟನ್ನು ಆ ಶಾಣ್ಯಾ ಯಂತ್ರ ಬೇಡವಾದ ಗದ್ದಲ ಎಂದು ತಿಳಿದುಕೊಂಡಿತ್ತು. ಪೆಟ್ಟು ಬಿದ್ದಲ್ಲೆಲ್ಲ ಅದನ್ನು ಅಳಿಸಿತ್ತು, ಪೆಟ್ಟಿನ ಕೆಳಗಿದ್ದ ಹೆಸರನ್ನೂ ಜತೆಗೇ ಅಳಿಸಿತ್ತು. ಹೆಸರಲ್ಲದ್ದೆಲ್ಲ ಉಳಿದಿತ್ತು.  ಸಿದ್ದು ಕಣ್ಣು ತೆರೆದು ನನ್ನನ್ನು ನೋಡಿದ. ಅವನ ನೋಟಕ್ಕೆ ನೋಟ ಕೊಡಲು ನನ್ನಿಂದಾಗಲಿಲ್ಲ.

ಮುತ್ಯಾ ಎದ್ದ. ಕೈ ಹಿಡಿಯಲು ಹೋದವರನ್ನು ಸರಿಸಿ ಅಪ್ಪನ ಮುಂದೆ ಬಂದು ನಿಂತ. ಅಪ್ಪನ ಕೊರಳಲ್ಲಿದ್ದ ಡೊಳ್ಳಿಗೆ ತಾನೇ ಒಂದು ಪೆಟ್ಟು ಹಾಕಿ ಬಾಯಿ ತೆರೆದ. ಕೊರಳಿನ ಬಟ್ಟೆ ಗಾಳಿಗೆ ಹಾರಿದಂತೆ ಆಡಿತು, ಅಷ್ಟೇ. ಮತ್ತೊಂದು ಪೆಟ್ಟು, ಮತ್ತೊಂದು ಸಲ ಬಾಯಿ. ಹೀಗೆ ಎಲ್ಲ ಹೆಸರುಗಳನ್ನೂ, ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ ಹೇಳಿದ. ವಸ್ತಿಯ ಅಷ್ಟೂ ಜನ ನಿಂತು ನೋಡಿದೆವು. ಯಾರಿಗೂ ಒಂದೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಡೊಳ್ಳನ್ನು ಮೂಲೆಗಿಟ್ಟು, ಗೋಡೆ ನೋಡುತ್ತ ಕೂತ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಆವಾಗ ಟೇಪ್ ಒಡದ. ಈಗ ಇದನ್ನ ನಂಬಿದ. ನಡುವ ನಾ ಒಬ್ಬಾಂವ ಇದ್ದೆ," ಎಂದ.

ಮುತ್ಯಾ ಕೇಳಿಸಿಕೊಂಡ. ಅಪ್ಪನ ಮೊಣಕಾಲಿನ ಮೇಲೆ ಕೈ ಇಟ್ಟ. ಅಪ್ಪ ಆ ಕೈಯನ್ನು ತೆಗೆಯಲೂ ಇಲ್ಲ, ಹಿಡಿಯಲೂ ಇಲ್ಲ.

ಮರುದಿನದಿಂದ ಮುತ್ಯಾ ತಾನು ಕಾಯ್ದುಕೊಂಡು ಬಂದ ಕಟ್ಟಳೆಗಳನ್ನೆಲ್ಲ ತಾನೇ ಮುರಿದ. ಪಾಡ್ಯವಿಲ್ಲ, ನವರಾತ್ರಿಯಿಲ್ಲ, ಹಾಡಹಗಲು ಅಂಗಳದಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ಜೋಳದ ಕಣಜಕ್ಕೆ ಕೈಯಿಂದ ಬಡಿಯುತ್ತ ತುಟಿ ಆಡಿಸುತ್ತಿದ್ದ. ಮಂದಿ ಮನೆಗೆ ಹೋಗುವವಳು ಎಂಬ ಮಾತೂ ಹೋಯಿತು. ಅವನಿಗೆ ಅಕ್ಷರ ಬಾರದು. ನಾನು ನೋಟ್‌ಬುಕ್ ಹಿಡಿದು ಊಹಿಸಿ ಹೇಳಬೇಕು, ಅವನು ಹೌದು ಅಲ್ಲ ಎಂದು ತಲೆ ಆಡಿಸಬೇಕು. ಮಾಳಪ್ಪ ಎಂದರೂ ಬಾಳಪ್ಪ ಎಂದರೂ ತುಟಿ ಒಂದೇ ಥರ ಕೂಡುತ್ತವೆ ಎನ್ನುವುದು ನನಗೆ ಆಗ ತಿಳಿಯಿತು. ನನ್ನ ಮೇಲಿನ ಸಿಟ್ಟಿಗೋ, ತನ್ನ ಮೇಲಿನದಕ್ಕೋ, ಒಮ್ಮೊಮ್ಮೆ ಕಣಜಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ವಸ್ತಿಯ ಮನೆಯವರು ತಮ್ಮ ತಮ್ಮ ಮೂಲಪುರುಷನ ಹೆಸರು ನೆನಪಿಟ್ಟಿದ್ದರು, ಅವು ಬಂದು ಸೇರಿದವು. ಆದರೆ ಮಕ್ಕಳಿಲ್ಲದೆ ಸತ್ತವರು, ಮನೆತನ ಅಳಿದವರು, ದಾರಿಯಲ್ಲೇ ಉಳಿದವರು ಎಷ್ಟೋ ಜನ ಇದ್ದರು. ಅವರ ಹೆಸರು ಹೇಳಲು ಮುತ್ಯಾನ ಬಾಯೊಂದೇ ಇತ್ತು. ಸಂಕ್ರಾಂತಿಗೆ ಎರಡು ದಿನ ಇರುವಾಗ ಮುತ್ಯಾ ತೀರಿಕೊಂಡ, ಅದೂ ಹೋಯಿತು. ನನ್ನ ನೋಟ್‌ಬುಕ್ಕಿನಲ್ಲಿ ಹೆಸರಿಗಿಂತ ಪ್ರಶ್ನೆಯ ಗುರುತುಗಳೇ ಹೆಚ್ಚಾಗಿದ್ದವು.

ಅನುಮಾನದ ಹೆಸರನ್ನು ದೇವರ ಮುಂದೆ ಹೇಳಿದರೆ ಹಿರಿಯರಿಗೆ ಅಪಚಾರ ಎಂದು ವಸ್ತಿಯವರು ನೋಟ್‌ಬುಕ್ಕನ್ನು ಒಪ್ಪಲಿಲ್ಲ. ಅವರದು ತಪ್ಪೆಂದು ಹೇಳಲಾರೆ. ಸಿದ್ದು ಮುಂದಿನ ಪಾಡ್ಯದಿಂದ ರೆಕಾರ್ಡಿನಲ್ಲಿ ಇದ್ದಷ್ಟನ್ನೇ ಹಾಡಿದ. ಹೆಸರು ಬರಬೇಕಾದ ಕಡೆ ಸುಮ್ಮನಾಗುತ್ತಿದ್ದ, ಅಪ್ಪ ಡೊಳ್ಳಿಗೆ ಒಂದು ಪೆಟ್ಟು ಹಾಕುತ್ತಿದ್ದ. ಮೊದಲ ವರ್ಷ ಆ ಜಾಗಗಳಲ್ಲಿ ಜನ ಅತ್ತರು. ಎರಡನೇ ವರ್ಷ ನಿಟ್ಟುಸಿರು ಬಿಟ್ಟರು. ನನಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಪಾಡ್ಯಕ್ಕೆ ಹೋಗದಿರಲು ಪ್ರತಿ ವರ್ಷ ಒಂದೊಂದು ನೆಪ ಸಿಕ್ಕಿತು.

ಈ ಸಲದ ಪಾಡ್ಯಕ್ಕೆ ನೆಪ ಉಳಿದಿರಲಿಲ್ಲ, ಹೋದೆ. ಸಿದ್ದುವಿನ ಜಾಗದಲ್ಲಿ ಈಗ ಹಾಡುವುದು ಹೊಸ ಮೇಳ, ಅದರಲ್ಲಿ ಹುಡುಗಿಯರೂ ಇದ್ದಾರೆ. ಎಲ್ಲರೂ ಆ ರೆಕಾರ್ಡನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೇಳಿ ಕಲಿತವರು. ಅವರು ಕಣ್ಣು ಮುಚ್ಚಿ, ಕೈ ಮುಗಿದು ಹಾಡಿದರು. ಹಿಂಡಿನ ಹಿಂದೆ ಮೊದಲು ನಡೆದವನು ಯಾರು ಎಂದರು, ಎಲ್ಲರೂ ಒಂದೇ ಸಲ ಬಾಯಿ ಮುಚ್ಚಿದರು, ಡೊಳ್ಳು ಬಿತ್ತು. ಎಷ್ಟು ಅಚ್ಚುಕಟ್ಟು. ಜನ ಕಣ್ಣರಳಿಸಿ ಕೇಳುತ್ತಿದ್ದರು. ಹಾಡು ಮುಗಿದ ಮೇಲೆ ಮೇಳದ ಮುಂದಾಳು ಹುಡುಗಿ, ಒಂಬತ್ತನೇ ತರಗತಿಯವಳು, ನನ್ನ ಕಾಲು ಮುಟ್ಟಿ ನಮಸ್ಕರಿಸಿ ಪಕ್ಕದಲ್ಲಿ ಕೂತಳು. ಅಲ್ಲಲ್ಲಿ ಯಾಕೆ ಸುಮ್ಮನಾಗಬೇಕು ಎಂದು ಸಣ್ಣವರು ಕೇಳುತ್ತಾರೆ, ನಾನು ಹೇಳುವುದು ಸರಿಯೇ ನೋಡಿ ಎಂದಳು.

"ಅಲ್ಲಿ ದೇವರ ಹೆಸರು ಮನಸಿನ್ಯಾಗ ನೆನಸಬೇಕ್ರಿ ಅಕ್ಕಾರ, ಬಾಯಾಗ ಅನ್ನಬಾರದು. ಮುತ್ಯಾರ ಕಾಲದಿಂದ ಪದ್ಧತಿ ಹಂಗ ಐತಿ ಅಲ್ರಿ?"

ಅವಳು ಕೇಳಿದ್ದು ನನ್ನನ್ನು, ಆ ಒಂಬತ್ತು ದಿನ ಮುತ್ಯಾನ ಪಕ್ಕದಲ್ಲಿ ಕೂತಿದ್ದವಳನ್ನು. ಅವಳ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು. ಅಪ್ಪ ಕಂಬದ ಹತ್ತಿರ ಡೊಳ್ಳು ಬಿಚ್ಚುತ್ತಿದ್ದವನು ಕೈ ನಿಲ್ಲಿಸಿ ನನ್ನ ಕಡೆ ನೋಡಿದ.

"ಹೌದವಾ," ಎಂದೆ. "ಮೊದಲಿಂದ ಹಂಗ ಐತಿ."